ಜನರೇಟರ್ ಮನೆಯೊಳಗೆ ಬರುವುದು ಯಾಕೆ?

ಮಳೆಗಾಲ ಶುರುವಾಯಿತೆಂದರೆ ನಮ್ಮ ಮಲೆನಾಡಿನಲ್ಲಿ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ನೆಟ್‌ವರ್ಕು. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಒಂಟಿ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೈನಿನ ಮೇಲೆ ಕೊಂಬೆ ಬಿದ್ದರೆ ಒಂದು ದಿನ ಕತ್ತಲು, ಕಂಬವೇ ಮುರಿದರೆ ಮೂರ್ನಾಲ್ಕು ದಿನ. ಇನ್ವರ್ಟರ್ ಮೊದಲ ರಾತ್ರಿಗೇ ಕೈ ಎತ್ತುತ್ತದೆ. ಫೋನಿಗೆ ಚಾರ್ಜ್ ಇಲ್ಲ, ಫ್ರಿಜ್ಜಿನಲ್ಲಿಟ್ಟ ಅಜ್ಜನ ಇನ್ಸುಲಿನ್ ಕೆಟ್ಟಿತೋ ಏನೋ ಎಂಬ ಚಿಂತೆ ಬೇರೆ. ಹಾಗಾಗಿ ಇಬ್ಬರು ಹಿಡಿದು ಎತ್ತಬಹುದಾದ ಸಣ್ಣ ಪೆಟ್ರೋಲ್ ಜನರೇಟರ್ ಈಗ ಎಷ್ಟೋ ಮನೆಗಳಿಗೆ ಬಂದಿದೆ.

ಬಯಲುಸೀಮೆಯವರೂ ಇದನ್ನು ಬಲ್ಲರು. ಗಣಪತಿ ಪೆಂಡಾಲು, ಊರ ಜಾತ್ರೆ, ನಾಟಕ, ಮದುವೆ ಮನೆ, ಝೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ, ಸಣ್ಣ ಕ್ಲಿನಿಕ್ಕು, ಎಲ್ಲ ಕಡೆಯೂ ಒಂದಲ್ಲ ಒಂದು ದಿನ ಇದರ ಸದ್ದು ಕೇಳಿಯೇ ಇರುತ್ತೀರಿ.

ಜನರೇಟರ್ ಬೇಡ ಎನ್ನುವವನು ನಾನಲ್ಲ. ಕರೆಂಟು ಸರಿಯಾಗಿ ಬರುವ ತನಕ ಅದು ಬೇಕೇ ಬೇಕು. ನನ್ನ ತಕರಾರು ಇರುವುದು ಅದನ್ನು ನಾವು ಇಡುವ ಜಾಗದ ಬಗ್ಗೆ. ಜಿಲ್ಲೆಯಲ್ಲಿ ವರದಿಗೆಂದು ಓಡಾಡುವಾಗ ಜನರೇಟರನ್ನು ಜಗಲಿಯಲ್ಲಿ ಕಂಡಿದ್ದೇನೆ, ಕೊಟ್ಟಿಗೆಯಲ್ಲಿ ಕಂಡಿದ್ದೇನೆ, ಅಂಗಡಿಯ ಹಿಂದಿನ ಕೋಣೆಯಲ್ಲಿ, ಶಟರ್ ಅರ್ಧ ಎಳೆದ ಗೋದಾಮಿನಲ್ಲಿ ಕಂಡಿದ್ದೇನೆ. ಹೊರಗೆ ಇಟ್ಟದ್ದಕ್ಕಿಂತ ಒಳಗೆ ಇಟ್ಟದ್ದನ್ನೇ ಹೆಚ್ಚು ಕಂಡಿದ್ದೇನೆ.

ಇದಕ್ಕೆ 'ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ' ಎಂದು ಹೇಳಿ ಮುಗಿಸುವುದು ಸುಲಭ. ನಾನು ಒಪ್ಪುವುದಿಲ್ಲ. ಜನರೇಟರನ್ನು ಒಳಗೆ ತರುವವರಿಗೆ ಮೂರು ಸರಿಯಾದ ಭಯಗಳಿವೆ. ಮಳೆಗೆ ನೆನೆಯುತ್ತದೆ ಎಂಬುದು ಒಂದು, ಕಳ್ಳ ಹೊತ್ತೊಯ್ಯುತ್ತಾನೆ ಎಂಬುದು ಇನ್ನೊಂದು, ಪಕ್ಕದ ಮನೆಯವರು ಸದ್ದಿಗೆ ಬೈಯುತ್ತಾರೆ ಎಂಬುದು ಮತ್ತೊಂದು. ಈ ಮೂರೂ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಭಯಗಳು. ಅದನ್ನು ಹೊರಗೇ ಬಿಡಬೇಕು ಎನ್ನುವ ನಾಲ್ಕನೆಯ ಭಯ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಬರೀ 'ಹೊರಗಿಡಿ' ಎಂದು ಬುದ್ಧಿ ಹೇಳಿದರೆ ಯಾರೂ ಹೊರಗಿಡುವುದಿಲ್ಲ. ಮೊದಲಿನ ಮೂರು ಭಯಕ್ಕೆ ಉಪಾಯ ಕೊಟ್ಟರೆ ಮಾತ್ರ ಅದು ಹೊರಗೆ ಉಳಿಯುತ್ತದೆ.

'ಉಸಿರುಗಟ್ಟಿ' ಎಂಬ ಮಾತಿನ ತೊಂದರೆ

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್‌ಗೆ ಈ ಅನಿಲ ಅಂಟಿಕೊಳ್ಳುವುದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ. ಬಸ್ಸಿನ ಸೀಟೆಲ್ಲ ಇವರೇ ಹಿಡಿದು ಕೂತರೆ ಆಮ್ಲಜನಕಕ್ಕೆ ಜಾಗವೆಲ್ಲಿ? ಎದೆ ಏರಿಳಿಯುತ್ತಲೇ ಇರುತ್ತದೆ, ಉಸಿರಾಟ ನಡೆದೇ ಇರುತ್ತದೆ, ಆದರೆ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ಮುಟ್ಟುವುದಿಲ್ಲ.

ಪತ್ರಿಕೆಗಳಲ್ಲಿ ಇಂಥ ಸಾವು ಬಂದಾಗ 'ಉಸಿರುಗಟ್ಟಿ ಸಾವು' ಎಂಬ ತಲೆಬರಹ ಬರುತ್ತದೆ. ಓದಿದವರು ಏನು ತಿಳಿಯುತ್ತಾರೆ? ಕೋಣೆ ತುಂಬ ಹೊಗೆ ಕವಿದಿತ್ತು, ಕೆಮ್ಮಿ ಕೆಮ್ಮಿ ಸತ್ತರು, ನಮಗಾದರೆ ಎಚ್ಚರವಾಗುತ್ತದೆ, ಎದ್ದು ಹೊರಗೆ ಓಡುತ್ತೇವೆ ಎಂದು ತಾನೆ? ಉಸಿರು ಕಟ್ಟುವುದೇ ಇಲ್ಲ ಎಂಬುದೇ ಇದರ ಅಪಾಯ. ನಿದ್ದೆಯಲ್ಲಿದ್ದವನು ನಿದ್ದೆಯಲ್ಲೇ ಹೋಗುತ್ತಾನೆ. ಎಚ್ಚರವಿದ್ದವನಿಗೂ ತಲೆ ಮಂಕಾಗಿ, ಕಾಲಲ್ಲಿ ಬಲವಿಲ್ಲದಂತಾಗಿ, ಬಾಗಿಲ ತನಕ ನಡೆಯಬೇಕೆಂಬ ಬುದ್ಧಿಯೇ ಓಡುವುದಿಲ್ಲ. ಆ ತಲೆಬರಹವನ್ನು ನಾವು ಪತ್ರಕರ್ತರು ಬಿಡಬೇಕು. 'ಜನರೇಟರಿನ ವಿಷಾನಿಲಕ್ಕೆ ಸಾವು' ಎಂದು ಬರೆದರೆ ಒಂದು ಪದ ಹೆಚ್ಚಾಗಬಹುದು, ಆದರೆ ಓದಿದವರಿಗೆ ಕಾರಣ ಗೊತ್ತಾಗುತ್ತದೆ.

ಇದು ನಮಗೆ ತೀರಾ ಹೊಸ ವಿಷವೂ ಅಲ್ಲ. ಚಳಿಗೆ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರು ಬೆಳಗ್ಗೆ ಏಳದಿದ್ದ ಸುದ್ದಿಗಳನ್ನು ಓದಿದ್ದೀರಿ. ಬಾವಿಯ ಕೆಸರು ತೆಗೆಯಲು ಎಂಜಿನ್ ಪಂಪನ್ನು ಒಳಗೇ ಇಳಿಸಿ ಚಾಲೂ ಮಾಡಿದವರು, ಅವರನ್ನು ಎತ್ತಲು ಇಳಿದವರು, ಒಬ್ಬರ ಹಿಂದೆ ಒಬ್ಬರು ಹೋದ ಸುದ್ದಿಗಳನ್ನೂ ಓದಿದ್ದೀರಿ. ಕೊಂದದ್ದು ಇದೇ ಅನಿಲ.

'ನಮ್ಮದು ಹೆಂಚಿನ ಮನೆ, ಗಾಳಿ ಆಡುತ್ತದೆ' ಎನ್ನುವವರು ಬಹಳ ಜನ. 'ಕಿಟಕಿ ತೆಗೆದಿಟ್ಟಿದ್ದೇವೆ' ಎನ್ನುವವರು ಇನ್ನೂ ಬಹಳ. ಲೆಕ್ಕ ಹೀಗಿದೆ: ಕಾರ್ಬನ್ ಮೊನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ ಅನಿಲ. ಅಡುಗೆಮನೆಯ ಹೊಗೆಯಂತೆ ಮೇಲೇರಿ ಹೆಂಚಿನ ಸಂದಿಯಿಂದ ಹೋಗಿಬಿಡುತ್ತದೆ ಎನ್ನುವಂತಿಲ್ಲ. ಮನೆಯ ಗಾಳಿಯಲ್ಲಿ ಬೆರೆತು ಕೋಣೆಯಿಂದ ಕೋಣೆಗೆ ಹರಿಯುತ್ತದೆ. ಇನ್ನು ಅದರ ಪ್ರಮಾಣ. ಒಂದು ಸಣ್ಣ ಜನರೇಟರ್ ಕಾರುವ ಕಾರ್ಬನ್ ಮೊನಾಕ್ಸೈಡ್ ನೂರಾರು ಕಾರುಗಳು ಬಿಡುವಷ್ಟಕ್ಕೆ ಸಮ ಎನ್ನುತ್ತದೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ. ಈಗಿನ ಕಾರಿನ ಹೊಗೆಯನ್ನು ಶುದ್ಧ ಮಾಡುವ ಸಾಧನ ಸಣ್ಣ ಜನರೇಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಕಿಟಕಿಯಿಂದ ಹೊರಹೋಗುವುದಕ್ಕಿಂತ ಬೇಗ ಅದು ಒಳಗೆ ತುಂಬುತ್ತದೆ.

ತಲೆನೋವು ಬಂದರೆ ಮೊದಲು ಹೊರಗೆ ಬನ್ನಿ

ಲಕ್ಷಣಗಳು ಹೇಗಿರುತ್ತವೆ ಎಂದರೆ ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಮಂಕು. ಮಳೆಗಾಲದಲ್ಲಿ ಇದನ್ನೆಲ್ಲ ನಾವು ಶೀತಜ್ವರ ಅಂದುಕೊಳ್ಳುತ್ತೇವೆ, ಮದುವೆ ಮನೆಯಲ್ಲಾದರೆ ಊಟದಲ್ಲಿ ಏನೋ ಆಗಿದೆ ಅಂದುಕೊಳ್ಳುತ್ತೇವೆ. ಗುರುತು ಹಿಡಿಯುವುದು ಹೀಗೆ: ಜನರೇಟರ್ ಓಡುತ್ತಿರುವಾಗ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು ಬಂದರೆ, ಜ್ವರ ಇಲ್ಲದಿದ್ದರೆ, ಹೊರಗೆ ಬಂದ ಮೇಲೆ ಹಗುರವೆನಿಸಿದರೆ, ಅದು ಶೀತವಲ್ಲ. ಎಲ್ಲರೂ ಹೊರಗೆ ಬನ್ನಿ. ಬಸುರಿಯರು, ಮಕ್ಕಳು, ಹೃದಯದ ತೊಂದರೆ ಇರುವ ಹಿರಿಯರಿಗೆ ಅಪಾಯ ಇನ್ನೂ ಹೆಚ್ಚು.

ಒಳಗೆ ಯಾರಾದರೂ ಬಿದ್ದಿದ್ದರೆ ಒಬ್ಬರೇ ನುಗ್ಗಬೇಡಿ. ಕೂಗಿ ಜನ ಸೇರಿಸಿ, ಹೊರಗಿನಿಂದಲೇ ಬಾಗಿಲು, ಕಿಟಕಿ, ಶಟರ್ ಪೂರ್ತಿ ತೆರೆಯಿರಿ. ಬಿದ್ದವರನ್ನು ಎಳೆದು ಬಯಲಿಗೆ ತನ್ನಿ, ಒಳಗೆ ಕೂತು ನೀರು ಚಿಮುಕಿಸುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ. ಬರುವವರಿಗೂ ಆಸ್ಪತ್ರೆಯಲ್ಲಿಯೂ 'ಮನೆಯಲ್ಲಿ ಜನರೇಟರ್ ಓಡುತ್ತಿತ್ತು' ಎಂದು ಬಾಯಿ ಬಿಟ್ಟು ಹೇಳಿ.

ಈ ಮಾತು ಯಾಕೆ ಮುಖ್ಯವೆಂದರೆ, ಕೊರೊನಾ ಕಾಲದಿಂದ ಊರೂರಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಈ ವಿಷ ಏರಿದವರ ಬೆರಳಿಗೆ ಅದನ್ನು ಹಾಕಿದರೆ 97, 98 ಎಂದು ತೋರಿಸಬಹುದು. ರಕ್ತದಲ್ಲಿ ಕೂತಿರುವುದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಎಂದು ಆ ಸಾಮಾನ್ಯ ಯಂತ್ರಕ್ಕೆ ಬೇರೆ ಮಾಡಲು ಬರುವುದಿಲ್ಲ. ನಂಬರ್ ಚೆನ್ನಾಗಿದೆ ಎಂದು ಮನೆಗೆ ಕರೆತಂದು ಮಲಗಿಸಿದರೆ ಕೆಟ್ಟೆವು. ಬರಿ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು 4-5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಯಲ್ಲಿ ಅಷ್ಟು ಇಳಿಯುತ್ತದೆ.

ಮಳೆ, ಕಳ್ಳ, ಸದ್ದು

ಈಗ ಮೂರು ಭಯಗಳಿಗೆ ಬರೋಣ. ಮೊದಲು ದೂರದ ಲೆಕ್ಕ. ಮನೆಯಿಂದ ಕನಿಷ್ಠ 20 ಅಡಿ ಆಚೆ ಇಡಬೇಕು ಎಂಬುದು ಚಂಡಮಾರುತಗಳ ನಂತರ ಇಂಥ ಸಾವುಗಳನ್ನು ಬಹಳ ಕಂಡ ಅಮೆರಿಕದ ಆರೋಗ್ಯ ಇಲಾಖೆಯವರು ಹೇಳುವ ಅಳತೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಒಂಬತ್ತು ಅಡಿಗೆ ಒಂದರಂತೆ ನೆಟ್ಟ ಅಡಿಕೆ ತೋಟದಲ್ಲಿ ಮೂರು ಅಂತರ ದಾಟಿದರೆ 27 ಅಡಿ ಆಯಿತು, ಅಷ್ಟು ಸಾಕು. ತೋಟವಿಲ್ಲದವರು ಉದ್ದುದ್ದ ಹತ್ತು ಹೆಜ್ಜೆ ಹಾಕಿ. ಹೊಗೆ ಕೊಳವೆಯ ಬಾಯಿ ಮನೆಗೆ ಬೆನ್ನು ಹಾಕಿರಲಿ. ಗಾಳಿ ಮನೆಯ ಕಡೆಗೆ ಬೀಸುತ್ತಿದ್ದರೆ ಇನ್ನೊಂದು ಬದಿಗೆ ಒಯ್ಯಿರಿ. ಪಕ್ಕದ ಮನೆಯ ಕಿಟಕಿಯನ್ನೂ ನೋಡಿಕೊಳ್ಳಿ. ನಮ್ಮ ಮನೆಯಿಂದ 20 ಅಡಿ ಹೋಗಿ ಅವರ ಕಿಟಕಿಯ ಕೆಳಗೆ ಇಟ್ಟರೆ ಏನು ಬಂತು?

ಮಳೆಯ ಭಯಕ್ಕೆ ಗೋಡೆ ಬೇಡ, ಮಾಡು ಸಾಕು. ನಾಲ್ಕು ಕಂಬ, ಮೇಲೆ ಒಂದೆರಡು ತಗಡಿನ ಶೀಟು, ನಾಲ್ಕೂ ಕಡೆ ಬಯಲು. ಎರಚಲು ಬಾರದಷ್ಟು ಶೀಟು ಹೊರಚಾಚಿರಲಿ, ಎಂಜಿನ್ನಿಗೂ ಶೀಟಿಗೂ ನಡುವೆ ಆಳೆತ್ತರ ಜಾಗ ಇರಲಿ. ಅಂಗಳದ ನೀರು ಹರಿಯುವ ಜಾಗ ಬಿಟ್ಟು, ಚಪ್ಪಡಿ ಕಲ್ಲು ಅಥವಾ ನಾಲ್ಕು ಸಿಮೆಂಟ್ ಇಟ್ಟಿಗೆಯ ಮೇಲೆ ಎತ್ತರಿಸಿ ಇಡಿ. ತಗಡಿನ ಮಾಡು ಮಾಡಿ, ಆಮೇಲೆ ಎರಚಲೆಂದು ಮೂರು ಕಡೆ ಟಾರ್ಪಾಲು ಕಟ್ಟಿದರೆ ಮತ್ತೆ ಅದೇ ಕೋಣೆ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ, ನಿಂತ ನೀರಲ್ಲಿ ಕಾಲಿಟ್ಟು ಸ್ಟಾರ್ಟ್ ಮಾಡಬೇಡಿ. ಈ ಮಾಡು ಮಾಡಿಸುವುದು ಏಪ್ರಿಲ್, ಮೇ ತಿಂಗಳ ಕೆಲಸ. ಆಷಾಢದ ನಡುರಾತ್ರಿ ಟಾರ್ಚ್ ಹಿಡಿದು ಮಾಡುವ ಕೆಲಸವಲ್ಲ. ಆ ಹೊತ್ತಿಗೆ ಎಲ್ಲರ ಕಣ್ಣಿಗೂ ಕಾಣುವುದು ಜಗಲಿಯೇ.

ಕಳ್ಳನ ಭಯಕ್ಕೆ ಕಬ್ಬಿಣದ ಸರಪಳಿ ಮತ್ತು ಒಂದು ಒಳ್ಳೆಯ ಬೀಗ. ಮಾಡಿನ ಕಂಬವೊಂದನ್ನು ಕಾಂಕ್ರೀಟಿನಲ್ಲಿ ಹೂತು ಬಳೆ ಹಾಕಿಸಿದರೆ ಅದಕ್ಕೇ ಬಿಗಿಯಬಹುದು. ಓಡುವಾಗ ಹೊರಗೆ, ನಿಲ್ಲಿಸಿ ತಣಿದ ಮೇಲೆ ಒಳಗೆ ತಂದಿಡುವುದಾದರೂ ಆದೀತು, ಆದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇರುವ ಯಂತ್ರವನ್ನು ದೇವರ ದೀಪ, ಒಲೆ, ಬಚ್ಚಲ ಉರಿ ಇರುವ ಕಡೆ ಇಡಬೇಡಿ. ರಾತ್ರಿಯಿಡೀ ಓಡಿಸುವ ಚಟವನ್ನೂ ಬಿಡಬಹುದು. ಸಂಜೆ ಎರಡು ಗಂಟೆ, ಬೆಳಗ್ಗೆ ಎರಡು ಗಂಟೆ ಓಡಿಸಿ ಇನ್ವರ್ಟರ್, ಫೋನು ಚಾರ್ಜ್ ಮಾಡಿ, ಫ್ರಿಜ್ ತಣ್ಣಗೆ ಮಾಡಿಕೊಂಡರೆ ರಾತ್ರಿ ಕಳೆಯುತ್ತದೆ. ಎಲ್ಲರೂ ಮಲಗಿದ ಮೇಲೆ ಓಡುವ ಜನರೇಟರನ್ನು ಕಳ್ಳನೂ ಹುಡುಕುತ್ತಾನೆ, ಹೊಗೆ ಒಳಗೆ ಬಂದರೂ ಯಾರಿಗೂ ತಿಳಿಯುವುದಿಲ್ಲ.

ಸದ್ದಿನ ಭಯಕ್ಕೆ ಉಪಾಯ ದೂರವೇ. ದೂರ ಹೋದಷ್ಟೂ ಸದ್ದು ಕಡಿಮೆ, ಹೊಗೆಯೂ ಕಡಿಮೆ. ಸದ್ದು ಅಡಗಲೆಂದು ಓಡುತ್ತಿರುವ ಯಂತ್ರಕ್ಕೆ ಒದ್ದೆ ಗೋಣಿ ಹೊದಿಸುವುದು, ಮರದ ಪೆಟ್ಟಿಗೆ ಕವಿಚುವುದು ಕೆಲವು ಕಡೆ ರೂಢಿ. ಸಣ್ಣ ಪೆಟ್ರೋಲ್ ಎಂಜಿನ್ ತಣಿಯುವುದೇ ಸುತ್ತಲಿನ ಗಾಳಿಯಿಂದ. ಗಾಳಿ ಕಟ್ಟಿದರೆ ಕಾದು ಕೆಡುತ್ತದೆ, ಸೈಲೆನ್ಸರಿನ ಬಿಸಿಗೆ ಒಣಗಿದ ಗೋಣಿಗೆ ಬೆಂಕಿಯೂ ಹತ್ತೀತು.

ಈ ಮೂರಕ್ಕೂ ಬೇಕಾದ ನಾಲ್ಕನೆಯ ವಸ್ತು ಉದ್ದದ ಕೇಬಲ್. ಜನರೇಟರ್ ಜಗಲಿಗೆ ಬರಲು ಎಷ್ಟೋ ಸಲ ಕಾರಣ ಇದೊಂದೇ: ವೈರ್ ಸಾಲಲಿಲ್ಲ. 2 ಕೆವಿಎ ಯಂತ್ರ ಪೂರ್ತಿ ಲೋಡಿನಲ್ಲಿ ಕೊಡುವುದು 8-9 ಆಂಪಿಯರ್. ಅದಕ್ಕೆ 2.5 ಚದರ ಮಿಲಿಮೀಟರಿನ ಮೂರು ಎಳೆಯ ತಾಮ್ರದ ಕೇಬಲ್ ತೆಗೆದುಕೊಂಡರೆ ನೂರು ಅಡಿ ಎಳೆದರೂ ವೋಲ್ಟೇಜ್ ಅಷ್ಟೇನೂ ಬೀಳುವುದಿಲ್ಲ. ಮೂರನೆಯ ಎಳೆ ಅರ್ಥಿಂಗಿನದು, ಅದನ್ನು ಕತ್ತರಿಸಿ ಎರಡು ಪಿನ್ ಮಾಡಿಕೊಳ್ಳಬೇಡಿ. ಸೀರಿಯಲ್ ಸೆಟ್ಟಿನ ವೈರು, ಟೇಪ್ ಸುತ್ತಿದ ಹಳೆ ವೈರು ಬೇಡ. ಸುರುಳಿ ಸುತ್ತಿಟ್ಟೇ ಲೋಡ್ ಕೊಟ್ಟರೆ ವೈರ್ ಕಾಯುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಯಂತ್ರ ಕೊಳ್ಳಲು ಅಷ್ಟು ಹಣ ಹಾಕಿದವರಿಗೆ ಕೇಬಲ್ಲು, ಸರಪಳಿ, ಎರಡು ಶೀಟು ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ ಇವನ್ನು ಯಂತ್ರದ ಜತೆಗೇ ತರಬೇಕೆಂದು ಅಂಗಡಿಯಲ್ಲಿ ಯಾರೂ ಹೇಳದಿರುವುದು.

ನೀರಿನ ಬಾಟಲಿಯಲ್ಲಿ ಪೆಟ್ರೋಲ್

ಜನರೇಟರ್ ಬಂದ ಮನೆಗೆ ಪೆಟ್ರೋಲ್ ದಾಸ್ತಾನೂ ಬರುತ್ತದೆ. ದಾರಿ ಕಟ್ಟಾದರೆ ಎಂದು ಮಳೆಗಾಲಕ್ಕೆ ಮುಂಚೆ ತಂದಿಡುತ್ತಾರೆ. ಅದರಲ್ಲಿ ತಪ್ಪು ಹುಡುಕುವುದಿಲ್ಲ, ಇಡುವ ಪಾತ್ರೆ ಮಾತ್ರ ಸರಿ ಇರಬೇಕು. 1934ರ ಪೆಟ್ರೋಲಿಯಂ ಕಾಯ್ದೆ ಇದರ ಬಗ್ಗೆ ಸ್ಪಷ್ಟವಾಗಿದೆ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಡಬಹುದು. ಆದರೆ ಅದು ಭದ್ರವಾಗಿ ಮುಚ್ಚಿದ, 25 ಲೀಟರ್ ಮೀರದ ಲೋಹದ ಡಬ್ಬಿಯಲ್ಲಿರಬೇಕು. ಗಾಜು ಅಥವಾ ಪಿಂಗಾಣಿಯಾದರೆ 1 ಲೀಟರ್ ಮೀರಬಾರದು. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯ ಹೆಸರೇ ಆ ಪಟ್ಟಿಯಲ್ಲಿ ಇಲ್ಲ. ಬಾಯಾರಿದ ಮಗು ಅದನ್ನು ನೀರೆಂದು ಎತ್ತಿಕೊಂಡರೆ ಏನು ಗತಿ ಎಂಬುದನ್ನೂ ಯೋಚಿಸಿ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಅದು ನೆಲ ಹಿಡಿದು ಹರಿಯುತ್ತದೆ. ಹಿತ್ತಲಲ್ಲಿ ಚೆಲ್ಲಿದ ಪೆಟ್ರೋಲಿನ ಆವಿ ಬಚ್ಚಲ ಒಲೆಯ ತನಕ ಹರಿದುಹೋಗಿ ಅಲ್ಲಿಂದ ಬೆಂಕಿಯನ್ನು ಹಿಂದಕ್ಕೆ ತರಬಲ್ಲದು. ಹಾಗಾಗಿ ಎಂಜಿನ್ ಓಡುತ್ತಿರುವಾಗ ಟ್ಯಾಂಕಿಗೆ ಸುರಿಯುವುದು ಎಂದಿಗೂ ಬೇಡ. ನಿಲ್ಲಿಸಿ, ಕನಿಷ್ಠ ಕಾಲು ಗಂಟೆ ತಣಿಯಲು ಬಿಟ್ಟು, ಆಲಿಕೆ ಇಟ್ಟು, ಕಂಠಮಟ್ಟ ತುಂಬದೆ ಹಾಕಿ. ಆ ಕಾಲು ಗಂಟೆ ಕತ್ತಲಾಗುತ್ತದೆ ಎಂಬ ಅವಸರಕ್ಕೇ ಆರ್ಕೆಸ್ಟ್ರಾ, ನಾಟಕದ ಕಡೆ ಓಡುವ ಯಂತ್ರಕ್ಕೆ ಸುರಿಯುತ್ತಾರೆ. ನಾಟಕಕ್ಕೆ ಮುಂಚೆಯೇ ತುಂಬಿಸಿ. ನಡುವೆ ಮುಗಿದರೆ ಕಾಲು ಗಂಟೆ ವಿರಾಮ ಕೊಡಿ, ಪ್ರೇಕ್ಷಕರು ಎದ್ದು ಹೋಗುವುದಿಲ್ಲ. ಬೆಳಕಿಗೆ ಟಾರ್ಚ್ ಹಿಡಿಯಿರಿ, ಬೀಡಿ ಸೇದುವವರನ್ನು ದೂರ ಕಳಿಸಿ.

ಕಂಬದ ಮೇಲಿರುವವನ ಪ್ರಾಣ

ಇಷ್ಟು ಹೊತ್ತು ಹೇಳಿದ್ದು ನಮ್ಮ ಮನೆಯವರ ಪ್ರಾಣದ ಮಾತು. ಇನ್ನೊಂದು ಅಪಾಯ ಬೇರೆಯವರ ಮನೆಯ ಮಗನಿಗೆ ಸಂಬಂಧಿಸಿದ್ದು.

ಎರಡೂ ತುದಿಗೆ ಪ್ಲಗ್ ಹಾಕಿದ ವೈರನ್ನು ನೋಡಿರಬಹುದು. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಮನೆಯ ಎಲ್ಲ ಲೈಟೂ ಉರಿಯುತ್ತದೆ, ಬುದ್ಧಿವಂತಿಕೆಯ ಉಪಾಯ ಅನಿಸುತ್ತದೆ. ಆದರೆ ಆ ಕರೆಂಟು ಮನೆಯಲ್ಲೇ ನಿಲ್ಲುವುದಿಲ್ಲ. ಮೇನ್ ಸ್ವಿಚ್ ತೆಗೆಯಲು ಮರೆತರೆ ಮೀಟರ್ ದಾಟಿ, ಸರ್ವಿಸ್ ವೈರ್ ಹಿಡಿದು ಕಂಬಕ್ಕೆ ಹೋಗುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ. 11,000 ವೋಲ್ಟನ್ನು ಮನೆಯ ಮಟ್ಟಕ್ಕೆ ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್ ಹಿಂದಿನಿಂದ ಬಂದ ಕರೆಂಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಮಳೆಯಲ್ಲಿ ತಂತಿ ಕಟ್ಟುತ್ತಿರುವ ಪವರ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತೆಗೆದುಕೊಂಡೇ ಕಂಬ ಹತ್ತಿರುತ್ತಾನೆ. ಲೈನ್ ಆಫ್ ಆಗಿದೆ ಎಂದು ಸಬ್‌ಸ್ಟೇಷನ್ ಹೇಳಿರುತ್ತದೆ. ನಿಮ್ಮ ಜಗಲಿಯ ಜನರೇಟರಿನ ಸುದ್ದಿ ಸಬ್‌ಸ್ಟೇಷನ್ನಿಗೆ ಹೇಗೆ ಗೊತ್ತಾಗಬೇಕು?

'ಊರಿನ ಲೋಡೆಲ್ಲ ಮೇಲೆ ಬಿದ್ದರೆ ನಮ್ಮ ಸಣ್ಣ ಜನರೇಟರ್ ಆಫ್ ಆಗಿಬಿಡುತ್ತದೆ, ಏನೂ ಆಗುವುದಿಲ್ಲ' ಎಂದು ವಾದ ಮಾಡುವವರಿದ್ದಾರೆ. ಪೇಟೆಯ ಮಟ್ಟಿಗೆ ಇದು ಬಹುಪಾಲು ನಿಜ. ಆದರೆ ಒಂಟಿ ಮನೆಯ ಲೈನಿನಲ್ಲಿ ಊರಿನ ಲೋಡ್ ಎಲ್ಲಿದೆ? ಮರ ಬಿದ್ದು ತಂತಿ ತುಂಡಾದ ಮೇಲೆ ಆ ತುಂಡಿನಲ್ಲಿ ಉಳಿಯುವುದು ನಿಮ್ಮ ಮನೆಯೊಂದೇ. ಜನರೇಟರ್ ಆರಾಮಾಗಿ ಓಡುತ್ತದೆ, ನೆಲಕ್ಕೆ ಬಿದ್ದ ತಂತಿಯಲ್ಲಿ 230 ವೋಲ್ಟ್ ಕೂತಿರುತ್ತದೆ. ಕೊಲ್ಲಲು ಅಷ್ಟೇ ಸಾಕು. ತುಳಿಯುವುದು ಪವರ್‌ಮನ್ನೇ ಆಗಬೇಕೆಂದಿಲ್ಲ, ಮೇಯಲು ಬಿಟ್ಟ ಹಸು ಆಗಬಹುದು, ಶಾಲೆಗೆ ಹೊರಟ ಮಗು ಆಗಬಹುದು.

ಸರಿಯಾದ ದಾರಿ ಎರಡು ಇವೆ. ಮನೆಯ ವೈರಿಂಗಿಗೇ ಜನರೇಟರ್ ಕೊಡಬೇಕೆಂದರೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದಾಗಿರಬೇಕು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಆಗಬೇಕು. ಹಿಡಿ ಒಂದು ಕಡೆಗಿದ್ದರೆ ಇಲಾಖೆಯ ಕರೆಂಟು, ಇನ್ನೊಂದು ಕಡೆಗಿದ್ದರೆ ಜನರೇಟರ್, ಎರಡೂ ಒಟ್ಟಿಗೆ ಸೇರುವುದು ಸಾಧ್ಯವೇ ಇಲ್ಲ. ನಿಮಗೂ ಲಾಭವಿದೆ: ಚೇಂಜ್‌ಓವರ್ ಇಲ್ಲದೆ ಓಡಿಸುವಾಗ ಇದ್ದಕ್ಕಿದ್ದಂತೆ ಲೈನ್ ಕರೆಂಟು ಬಂದರೆ ಜನರೇಟರ್ ಸುಟ್ಟುಹೋಗುತ್ತದೆ. ಅಷ್ಟು ಖರ್ಚು ಬೇಡವೆಂದರೆ ಮನೆಯ ವೈರಿಂಗನ್ನು ಮುಟ್ಟಲೇಬೇಡಿ. ಜನರೇಟರಿನಿಂದ ಉದ್ದದ ಕೇಬಲ್, ಅದರ ತುದಿಗೆ ಒಂದು ಬೋರ್ಡ್, ಆ ಬೋರ್ಡಿಗೆ ಫ್ರಿಜ್, ಇನ್ವರ್ಟರಿನ ಚಾರ್ಜಿಂಗ್ ಪ್ಲಗ್ಗು, ಎರಡು ಲೈಟು, ಫೋನು. ಇದು ಸರಳವೂ ಹೌದು. ಎರಡು ತುದಿಗೂ ಪ್ಲಗ್ ಇರುವ ವೈರ್ ಮನೆಯಲ್ಲಿದ್ದರೆ ಇವತ್ತೇ ಒಂದು ತುದಿ ಕತ್ತರಿಸಿ.

ಮೋಟಾರಿನ ವಿಚಾರ ಬಂದಾಗ ಒಂದು ಮಾತು. 1 ಎಚ್‌ಪಿ ಎಂದರೆ 746 ವಾಟ್, 2 ಕೆವಿಎ ಯಂತ್ರಕ್ಕೆ ಸುಲಭ ಎಂದು ಲೆಕ್ಕ ಹಾಕುತ್ತಾರೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಅದು ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಪಂಪಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ ಜನರೇಟರ್ ಬೇಕೆಂದರೆ ಆ ಎಳೆತವನ್ನು ಕೇಳಿ ತಿಳಿದೇ ಕೊಳ್ಳಿ.

ಜವಾಬ್ದಾರಿ ಯಾರದು?

ಮದುವೆಗೆ, ಪೆಂಡಾಲಿಗೆ ಬಾಡಿಗೆ ಜನರೇಟರ್ ತರಿಸಿದರೆ ಜತೆಗೆ ಒಬ್ಬ ಹುಡುಗ ಬರುತ್ತಾನೆ. ಎಲ್ಲಿಡಬೇಕು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಮನೆಯ ಯಜಮಾನರು ತೋರಿಸಿದ ಕಡೆ ಇಳಿಸುತ್ತಾನೆ. ಮಳೆ ಬಂದರೆ ಟೆಂಪೋದಲ್ಲೇ ಬಿಟ್ಟು ಟಾರ್ಪಾಲು ಎಳೆಯುತ್ತಾನೆ, ನಿದ್ದೆ ಬಂದರೆ ಅದೇ ಟಾರ್ಪಾಲಿನಡಿ ಯಂತ್ರದ ಪಕ್ಕ ಮಲಗುತ್ತಾನೆ. ಎಲ್ಲರಿಗಿಂತ ಮೊದಲು ವಿಷ ಏರುವುದು ಅವನಿಗೆ. ಏನಾದರೂ ಆದರೆ 'ಜನರೇಟರ್ ಹುಡುಗನ ನಿರ್ಲಕ್ಷ್ಯ' ಎಂದು ಬರೆಸುವುದೂ ಅವನ ಹೆಸರಿಗೇ. ಇದು ನ್ಯಾಯವಲ್ಲ. ಜಾಗ ತೋರಿಸಿದವರು, ಉದ್ದ ಕೇಬಲ್ ಕೊಡದ ಮಾಲೀಕರು, ಇಬ್ಬರೂ ಇದಕ್ಕೆ ಹೊಣೆ. ಬಾಡಿಗೆ ಮಾತಾಡುವಾಗಲೇ 'ಕೇಬಲ್ ಎಷ್ಟು ಉದ್ದ ಇದೆ? ಶೀಟು ಇದೆಯಾ?' ಎಂದು ಕೇಳಿ. ಆ ಹುಡುಗನಿಗೆ ಮಲಗಲು ಜಗಲಿಯಲ್ಲಿ ಒಂದು ಚಾಪೆ ಕೊಡಿ.

ಮಾರುವವರಿಗೂ ಒಂದು ಮಾತು. ನಾನು ನೋಡಿದ ಜನರೇಟರುಗಳ ಮೇಲಿನ ಎಚ್ಚರಿಕೆಯ ಚೀಟಿಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು. ಅಮೆರಿಕದಲ್ಲಿ 2007ರಿಂದ ಪ್ರತಿ ಸಣ್ಣ ಜನರೇಟರಿನ ಮೇಲೂ, ಮನೆಯೊಳಗೆ ಓಡಿಸಿದರೆ ನಿಮಿಷಗಳಲ್ಲಿ ಸಾಯುತ್ತೀರಿ ಎಂದು ಅವರು ಓದುವ ಭಾಷೆಯಲ್ಲಿ ದಪ್ಪಕ್ಷರದ ಚೀಟಿ ಕಡ್ಡಾಯ. ನಮ್ಮ ಅಂಗಡಿಯವರು ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. 'ಮನೆಯೊಳಗೆ, ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ ಓಡಿಸಬೇಡಿ' ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಟಿಸಿದರೆ ಎಷ್ಟು ಖರ್ಚಾದೀತು?

ಗ್ರಾಮ ಪಂಚಾಯ್ತಿಗಳು ಜಾತ್ರೆ, ಪೆಂಡಾಲಿಗೆ ಅನುಮತಿ ಕೊಡುವಾಗ ಜನರೇಟರ್ ಜಾಗವನ್ನೂ ಕೇಳಲಿ. ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಲಿ, ಅಂದು ಪವರ್‌ಮನ್ನನ್ನೇ ಕರೆದು ಮಾತಾಡಿಸಲಿ. ಕಂಬ ಹತ್ತುವವನ ಬಾಯಿಂದ ಕೇಳಿದ ಮಾತು ಕರಪತ್ರಕ್ಕಿಂತ ಹೆಚ್ಚು ನಾಟುತ್ತದೆ. ಮೆಸ್ಕಾಂ, ಹೆಸ್ಕಾಂ, ಬೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್, ಯಾವುದೇ ಇರಲಿ, ತಿಂಗಳು ತಿಂಗಳು ಮನೆ ಬಾಗಿಲಿಗೆ ಬಿಲ್ ತರುತ್ತವೆ. ಜೂನ್ ತಿಂಗಳ ಬಿಲ್ಲಿನಲ್ಲಿ ಚೇಂಜ್‌ಓವರ್ ಬಗ್ಗೆ ಎರಡು ಸಾಲು ಅಚ್ಚು ಹಾಕಲಿ. ತಂತಿ ಬಿದ್ದರೆ ಹೇಳಲು 1912 ಇದೆ. ಆದರೆ ಆ ನಂಬರಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿದ ಮೇಲೂ ತಂತಿಯಲ್ಲಿ ಕರೆಂಟು ಉಳಿಯುವುದು ನಮ್ಮ ಜನರೇಟರಿನಿಂದ. ಅದನ್ನು ತಡೆಯುವ ಕೆಲಸ ನಮ್ಮದೇ.

ಕರೆಂಟು ಸರಿಯಾಗಿ ಕೊಡಿ ಎಂದು ಕೇಳುವುದನ್ನು ಇದಕ್ಕಾಗಿ ಬಿಡಬೇಕಿಲ್ಲ. ಮೂರು ದಿನ ಕತ್ತಲಲ್ಲಿ ಕೂರಿಸಿದವರಿಗೆ ಅರ್ಜಿ ಕೊಡಿ, ಧರಣಿ ಕೂರಿ, ನಾವು ಬಂದು ವರದಿ ಮಾಡುತ್ತೇವೆ. ಅದು ಸರಿಯಾಗುವ ತನಕ ಜನರೇಟರ್ ಓಡಲೇಬೇಕು, ಓಡಲಿ.

ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಮನೆಯಲ್ಲಿ ಜನರೇಟರ್ ಇದ್ದರೆ ಇವತ್ತು ಬೆಳಕಿರುವಾಗಲೇ ಹೊರಗೆ ಹೋಗಿ, ಗೋಡೆಯಿಂದ ಹತ್ತು ಹೆಜ್ಜೆ ಹಾಕಿ, ಅಲ್ಲೊಂದು ಕಲ್ಲು ಇಟ್ಟು ಬನ್ನಿ. ಆಮೇಲೆ ಆ ಕಲ್ಲಿನಿಂದ ಮನೆಯ ತನಕ ಎಷ್ಟು ಉದ್ದದ ಕೇಬಲ್ ಬೇಕೆಂದು ಅಳೆಯಿರಿ. ಜನರೇಟರ್ ಇಲ್ಲದಿದ್ದರೆ ಇದನ್ನು ನಿಮ್ಮೂರಿನ ಗ್ರೂಪಿಗೆ ಹಾಕಿ, ಶಾಮಿಯಾನದವರಿಗೂ ಒಂದು ಕಳಿಸಿ.